ಯಾಜಕಕಾಂಡದ ಐದು ಯಜ್ಞಗಳು: ಹಿಟ್ಟು, ಎಣ್ಣೆಗೆ ಅರ್ಥ ಹಚ್ಚುವ ಮುಂಚೆ

ಪ್ರಶ್ನೆ: ನಮ್ಮ ಸಭೆಯ ಬೈಬಲ್ ಸ್ಟಡಿಯಲ್ಲಿ ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳನ್ನು ನಾನು ಕಲಿಸಬೇಕಾಗಿದೆ. ನನ್ನ ಬಳಿ ಇರುವ ನೋಟ್ಸ್‌ನಲ್ಲಿ ನಯವಾದ ಹಿಟ್ಟು ಎಂದರೆ ಯೇಸುವಿನ ಸಮತೂಕದ ಗುಣ, ಎಣ್ಣೆ ಎಂದರೆ ಪವಿತ್ರಾತ್ಮ, ಸಾಂಬ್ರಾಣಿ ಎಂದರೆ ಪ್ರಾರ್ಥನೆ, ಹುಳಿ ಎಂದರೆ ಪಾಪ, ಜೇನು ಎಂದರೆ ಲೋಕದ ಸಿಹಿ ಎಂದೆಲ್ಲ ಇದೆ. ಐದು ಯಜ್ಞಗಳೂ ಶಿಲುಬೆಯನ್ನೇ ತೋರಿಸುವುದಾದರೆ ಐದು ಯಾಕೆ ಬೇಕಿತ್ತು? ಸಮಾಧಾನಯಜ್ಞದ ಮಾಂಸವನ್ನು ತಂದವನೇ ತಿನ್ನುತ್ತಾನಲ್ಲ, ಅದು ಯಜ್ಞ ಹೇಗಾಯಿತು? ಇದನ್ನೆಲ್ಲ ಸಭೆಗೆ ಹೇಗೆ ಹೇಳಲಿ?

ಉತ್ತರ: "ತಂದವನೇ ತಿನ್ನುತ್ತಾನಲ್ಲ" ಎಂದು ಕೇಳಿದ್ದೀರಲ್ಲ, ಅಲ್ಲಿಂದಲೇ ಹಿಡಿಯೋಣ. ನಿಮ್ಮ ನೋಟ್ಸ್ ಪದಾರ್ಥಗಳನ್ನು ನೋಡುತ್ತಿದೆ. ನೀವು ನೋಡಿದ್ದು ನಡೆಯುವ ಕೆಲಸವನ್ನು. ಯಾಜಕಕಾಂಡದಲ್ಲಿ ಅರ್ಥ ಕೂತಿರುವುದು ಬಹುಪಾಲು ಆ ಕೆಲಸದಲ್ಲೇ. ಒಂದು ಹಾಳೆಯಲ್ಲಿ ಐದು ಯಜ್ಞಗಳ ಹೆಸರು ಬರೆದು, ಪ್ರತಿಯೊಂದರ ಎದುರಿಗೂ ಇಷ್ಟು ತುಂಬಿ: ಪಶುವನ್ನು ಕೊಯ್ಯುವವರು ಯಾರು, ರಕ್ತ ಎಲ್ಲಿಗೆ ಹೋಗುತ್ತದೆ, ವೇದಿಯ ಮೇಲೆ ಏನು ಸುಡುತ್ತದೆ, ಉಳಿದದ್ದನ್ನು ಯಾರು ತಿನ್ನುತ್ತಾರೆ, ಮಿಕ್ಕಿದ್ದನ್ನು ಏನು ಮಾಡುತ್ತಾರೆ. ಹಾಳೆ ತುಂಬುವ ಹೊತ್ತಿಗೆ ಐದು ಯಾಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿರುತ್ತದೆ. ಹೊಸ ಒಡಂಬಡಿಕೆಯನ್ನು ಬರೆದವರು ಯಜ್ಞದ ಮಾತೆತ್ತುವಾಗಲೂ ಹೆಚ್ಚಾಗಿ ಮುಟ್ಟುವುದು ಈ ಕಾಲಂಗಳನ್ನೇ.

ಹಾಳೆ ತುಂಬುವ ಮೊದಲು ಪಠ್ಯ ಜೋಡಿಸಿರುವ ರೀತಿ ತಿಳಿದಿರಲಿ. 1:1ರಿಂದ 6:7ರ ವರೆಗಿನ ಮಾತು ಜನರಿಗೆ. 6:8ರಿಂದ 7ರ ಕೊನೆಯ ವರೆಗೆ ಅದೇ ಐದು ಯಜ್ಞಗಳು ಮತ್ತೆ ಬರುತ್ತವೆ, ಈ ಸಲ ಮುಖ್ಯವಾಗಿ ಯಾಜಕರ ಕಡೆಯಿಂದ. ಚರ್ಮ ಯಾರಿಗೆ, ಮಾಂಸ ಎಷ್ಟು ದಿನ ಇಡಬಹುದು, ಬೇಯಿಸಿದ ಪಾತ್ರೆ ಏನಾಗಬೇಕು ಎಂಬುದೆಲ್ಲ ಈ ಎರಡನೇ ಸುತ್ತಿನಲ್ಲಿದೆ. ಅಧ್ಯಾಯದ ಕ್ರಮದಲ್ಲೇ ಹೋದರೆ ಮೂರನೇ ವಾರಕ್ಕೆ ಜನ "ಇದನ್ನು ಆಗಲೇ ಓದಿದೆವಲ್ಲ" ಎನ್ನುತ್ತಾರೆ. ಹಾಗಾಗಿ ಜೋಡಿಸಿಕೊಂಡು ಓದಿ: ಸರ್ವಾಂಗಹೋಮಕ್ಕೆ 1ನೇ ಅಧ್ಯಾಯ, ಜೊತೆಗೆ 6:8–13 ಮತ್ತು 7:8. ಧಾನ್ಯನೈವೇದ್ಯಕ್ಕೆ 2ನೇ ಅಧ್ಯಾಯ, 6:14–23. ಸಮಾಧಾನಯಜ್ಞಕ್ಕೆ 3ನೇ ಅಧ್ಯಾಯ, 7:11–36. ದೋಷಪರಿಹಾರಕ ಯಜ್ಞಕ್ಕೆ 4:1–5:13, 6:24–30. ಪ್ರಾಯಶ್ಚಿತ್ತಯಜ್ಞಕ್ಕೆ 5:14–6:7, 7:1–7.

ಸರ್ವಾಂಗಹೋಮ ಸರಳ, ಬೇಗ ಮುಗಿಸಬಹುದು. ದೋಷವಿಲ್ಲದ ಗಂಡು: ಹೋರಿ, ಟಗರು ಅಥವಾ ಹೋತ. ಆಗದವನಿಗೆ ಬೆಳವಕ್ಕಿ ಅಥವಾ ಪಾರಿವಾಳದ ಮರಿ. ತಂದವನು ಪಶುವಿನ ತಲೆಯ ಮೇಲೆ ಕೈಯಿಡುತ್ತಾನೆ, ತಾನೇ ಕೊಯ್ಯುತ್ತಾನೆ, ಚರ್ಮ ಸುಲಿಯುತ್ತಾನೆ, ತುಂಡು ಮಾಡುತ್ತಾನೆ, ಕರುಳು ಮತ್ತು ಕಾಲುಗಳನ್ನು ನೀರಿನಲ್ಲಿ ತೊಳೆಯುತ್ತಾನೆ. ಯಾಜಕನ ಪಾಲಿನ ಕೆಲಸ ರಕ್ತವನ್ನು ವೇದಿಯ ಸುತ್ತಲೂ ಎರಚುವುದು, ಕಟ್ಟಿಗೆ ಜೋಡಿಸುವುದು, ತುಂಡುಗಳನ್ನು ಬೆಂಕಿಗಿಡುವುದು. ಚರ್ಮ ಮಾತ್ರ ಯಾಜಕನಿಗೆ, ಉಳಿದದ್ದೆಲ್ಲ ಹೊಗೆಯಾಗಿ ಮೇಲೇರುತ್ತದೆ. ತಂದವನ ಮನೆಗೆ ಒಂದು ತುಂಡೂ ಹೋಗುವುದಿಲ್ಲ. ಹಕ್ಕಿಯಾದರೆ ಯಾಜಕನೇ ತಲೆ ಮುರಿದು, ಅದರ ಮೇವಿನ ಚೀಲವನ್ನು ತೆಗೆದು, ವೇದಿಯ ಪೂರ್ವಕ್ಕೆ ಬೂದಿಯ ಜಾಗದಲ್ಲಿ ಬಿಸಾಡುತ್ತಾನೆ. ಹೋರಿಗೂ ಆಡುಕುರಿಗೂ ಹಕ್ಕಿಗೂ ಕೊನೆಯ ಮಾತು ಒಂದೇ: ಇದು ಯೆಹೋವನಿಗೆ ಪರಿಮಳವನ್ನುಂಟುಮಾಡುವ ಹೋಮ (1:9, 13, 17). ಬೆಲೆಯಲ್ಲಿ ಅಷ್ಟು ಅಂತರವಿದ್ದರೂ ವಾಕ್ಯ ಬದಲಾಗಿಲ್ಲ. ತರಗತಿಯಲ್ಲಿ ಇಲ್ಲಿ ಒಂದು ನಿಮಿಷ ನಿಲ್ಲಿ. ಮರಿಯಳ ಶುದ್ಧಾಚಾರಕ್ಕೆ ಎರಡು ಹಕ್ಕಿ ತಂದರೆಂದು ಲೂಕ 2:24 ಹೇಳುತ್ತದೆ. ಅದು ಯಾಜಕಕಾಂಡ 12:8ರ ಪ್ರಕಾರ ಕುರಿ ಕೊಳ್ಳಲಾಗದವರ ಕಾಣಿಕೆ.

ರೋಮಾಪುರದವರಿಗೆ 12:1ರ "ಸಜೀವಯಜ್ಞ" ಈ ಹೋಮದ ಬೆಳಕಿನಲ್ಲಿ ಚೆನ್ನಾಗಿ ಅರ್ಥವಾಗುತ್ತದೆ: ಪೂರ್ತಿ ಕೊಟ್ಟದ್ದು, ವಾಪಸು ಪಡೆಯದ್ದು. ದಿನಕ್ಕೆ ಎರಡು ಕುರಿಮರಿ, ಬೆಳಿಗ್ಗೆ ಒಂದು ಸಂಜೆ ಒಂದು, ತಪ್ಪದೆ ಸುಡುತ್ತಿದ್ದವು (ಅರಣ್ಯಕಾಂಡ 28:3–8). ಬೆಂಕಿ ಆರಬಾರದು ಎಂಬ ಆಜ್ಞೆಯ ಪಕ್ಕದಲ್ಲೇ ಬೂದಿ ಬಾಚುವ ವಿಧಿಯೂ ಇದೆ. ಯಾಜಕ ನಾರಿನ ಬಟ್ಟೆ ಹಾಕಿಕೊಂಡು ಬೂದಿ ತೆಗೆಯಬೇಕು, ಆಮೇಲೆ ಬಟ್ಟೆ ಬದಲಿಸಿ ಅದನ್ನು ಪಾಳೆಯದ ಹೊರಗೆ ಒಯ್ಯಬೇಕು. ಬೆಂಕಿಯ ಬಗ್ಗೆ ಪ್ರಸಂಗ ಮಾಡುವವರು ಬಹಳ, ಬೂದಿಯ ಬಗ್ಗೆ ಮಾಡುವವರು ಕಡಿಮೆ. ಬೂದಿ ತೆಗೆಯದೆ ಬೆಂಕಿ ಉಳಿಯುವುದಿಲ್ಲ.

ಇನ್ನು ನಿಮ್ಮ ನೋಟ್ಸ್‌ನ ಹಿಟ್ಟು, ಎಣ್ಣೆ. ಧಾನ್ಯನೈವೇದ್ಯ ಹಸಿ ಹಿಟ್ಟಾಗಿರಬಹುದು. ಒಲೆಯಲ್ಲಿ ಬೇಯಿಸಿದ, ಹೆಂಚಿನ ಮೇಲೆ ಸುಟ್ಟ ಅಥವಾ ಬಾಣಲೆಯಲ್ಲಿ ಮಾಡಿದ ರೊಟ್ಟಿಯೂ ಆಗಬಹುದು. ಹಿಟ್ಟಾದರೆ ಎಣ್ಣೆ ಹೊಯ್ದು ಸಾಂಬ್ರಾಣಿ ಇಡಬೇಕು. ಯಾಜಕ ಅದರಲ್ಲಿ ಒಂದು ಹಿಡಿ ಹಿಟ್ಟು, ಎಣ್ಣೆ ಮತ್ತು ಸಾಂಬ್ರಾಣಿಯನ್ನು ಪೂರ್ತಿಯಾಗಿ ತೆಗೆದು ಸುಡುತ್ತಾನೆ. ಉಳಿದದ್ದು ಯಾಜಕರ ಊಟ, ಅದೂ ಪವಿತ್ರ ಸ್ಥಳದಲ್ಲೇ. ತಂದವನು ತಿನ್ನುವಂತಿಲ್ಲ. ನಮ್ಮ ಜನಕ್ಕೆ ನೈವೇದ್ಯ ಎಂದ ಕೂಡಲೇ ಪ್ರಸಾದವಾಗಿ ಮರಳಿ ಬರುವ ಅಡುಗೆ ನೆನಪಾಗುವುದು ಸಹಜ, ಆದ್ದರಿಂದ ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡಿ. ಯಾಜಕ ತನ್ನ ಸ್ವಂತ ಪರವಾಗಿ ತಂದ ಧಾನ್ಯನೈವೇದ್ಯವಂತೂ ಪೂರ್ತಿ ಸುಡಬೇಕು (6:23). ತನ್ನ ಕಾಣಿಕೆಯಿಂದ ತನಗೇ ಸಂಬಳ ಆಗಬಾರದು.

ಪ್ರಮಾಣ ತೋರಿಸಿದರೆ ಕೇಳುವವರ ಕಣ್ಣಿಗೆ ಕಟ್ಟುತ್ತದೆ. ಅರಣ್ಯಕಾಂಡ 15ರಲ್ಲಿ ಕುರಿಮರಿಯ ಜೊತೆಗೆ ಏಫದ ಹತ್ತನೇ ಒಂದು ಪಾಲು ಹಿಟ್ಟು, ಹಿನ್ನಿನ ಕಾಲು ಭಾಗ ಎಣ್ಣೆ, ಅಷ್ಟೇ ದ್ರಾಕ್ಷಾರಸ. ಟಗರಿಗೆ ಹತ್ತರಲ್ಲಿ ಎರಡು ಪಾಲು ಹಿಟ್ಟು, ಮೂರನೇ ಒಂದು ಹಿನ್ ಎಣ್ಣೆ ಮತ್ತು ರಸ. ಹೋರಿಗೆ ಹತ್ತರಲ್ಲಿ ಮೂರು ಪಾಲು, ಅರ್ಧ ಹಿನ್. ಏಫ ಸುಮಾರು 22 ಲೀಟರ್, ಹಿನ್ ಸುಮಾರು ಮೂರೂವರೆ ಲೀಟರ್ ಎಂಬ ಸಾಮಾನ್ಯ ಅಂದಾಜು ಹಿಡಿದರೆ, ಒಂದು ಕುರಿಮರಿಯ ಪಕ್ಕದಲ್ಲಿ ಎರಡು ಲೀಟರಿಗೆ ತುಸು ಹೆಚ್ಚು ಹಿಟ್ಟು, ಮುಕ್ಕಾಲು ಲೀಟರಿಗೆ ಮೀರಿದ ಎಣ್ಣೆ, ಅಷ್ಟೇ ರಸ. ಮಾಂಸ, ರೊಟ್ಟಿ, ಪಾನೀಯ ಮೂರೂ ಇರುವ ಒಂದು ಪೂರ್ಣ ಊಟವಿದು. ಆ ರಸವನ್ನು ಯಜ್ಞದ ಜೊತೆಗೆ ಹೊಯ್ದುಬಿಡುತ್ತಾರೆ, ಯಾರೂ ಕುಡಿಯುವುದಿಲ್ಲ. ಪೌಲ ಫಿಲಿಪ್ಪಿಯವರಿಗೆ 2:17ರಲ್ಲಿ ಅವರ ನಂಬಿಕೆಯ ಯಜ್ಞದ ಮೇಲೆ ತಾನು ಪಾನದ್ರವ್ಯವಾಗಿ ಹೊಯ್ಯಲ್ಪಡುತ್ತಿದ್ದರೂ ಸಂತೋಷವೇ ಎನ್ನುವಾಗ ಯಜ್ಞ ಅವರದ್ದು, ತಾನು ಪಕ್ಕದ ರಸ ಮಾತ್ರ ಎಂಬ ಲೆಕ್ಕ ಅದರಲ್ಲಿದೆ. ಪ್ರಮಾಣ ಗೊತ್ತಿಲ್ಲದವರಿಗೆ ಆ ವಿನಯ ಕೈತಪ್ಪುತ್ತದೆ.

ಈಗ ಹುಳಿ. "ಹುಳಿ ಎಂದರೆ ಪಾಪ" ಎಂಬ ಸೂತ್ರ ಯಾಜಕಕಾಂಡದೊಳಗೇ ನಿಲ್ಲುವುದಿಲ್ಲ. 2:11 ಹುಳಿಯನ್ನೂ ಜೇನನ್ನೂ ವೇದಿಯ ಮೇಲೆ ಸುಡಬಾರದೆನ್ನುತ್ತದೆ, ಸರಿ. ಮುಂದಿನ ವಚನವೇ ಪ್ರಥಮಫಲವಾಗಿ ಅವನ್ನು ತರಬಹುದು ಎನ್ನುತ್ತದೆ. 7:13ರಲ್ಲಿ ಕೃತಜ್ಞತೆಯ ಯಜ್ಞದ ಜೊತೆಗೆ ಹುಳಿರೊಟ್ಟಿ ಬರಲೇಬೇಕು. 23:17ರಲ್ಲಿ ಪಂಚಾಶತ್ತಮ ದಿನದಂದು ಯೆಹೋವನ ಮುಂದೆ ತರುವ ಎರಡು ರೊಟ್ಟಿಗಳು ಹುಳಿಹಿಟ್ಟಿನವೇ. ಹುಳಿ ಪಾಪವೇ ಆಗಿದ್ದರೆ ಆ ದಿನ ದೇವರ ಮುಂದೆ ಎತ್ತಿ ಹಿಡಿದದ್ದೇನು? ಪೌಲ 1 ಕೊರಿಂಥ 5:7–8ರಲ್ಲಿ ಹುಳಿಯನ್ನು ಕೆಟ್ಟತನಕ್ಕೆ ಹೋಲಿಸಿದ್ದು ನಿಜ, ಆದರೆ ಅಲ್ಲಿ ಅವನ ಕಣ್ಣ ಮುಂದಿರುವುದು ಮನೆಯಿಂದ ಹುಳಿಯನ್ನು ತೆಗೆದುಹಾಕುವ ಪಸ್ಕಹಬ್ಬ, ಧಾನ್ಯನೈವೇದ್ಯವಲ್ಲ. ಮತ್ತಾಯ 13:33ರಲ್ಲಿ ಪರಲೋಕರಾಜ್ಯವೇ ಹುಳಿಹಿಟ್ಟಿನಂತಿದೆ. ವೇದಿಯ ಬೆಂಕಿಗೆ ಹುಳಿಯುವ ಪದಾರ್ಥ ಹೋಗಬಾರದು, ಉಪ್ಪು ಮಾತ್ರ ತಪ್ಪಬಾರದು ಎನ್ನುವುದು ವಿಧಿ. ಕೆಡುವುದು ಒಂದು ಕಡೆ, ಕೆಡದಂತೆ ಕಾಯುವುದು ಇನ್ನೊಂದು ಕಡೆ ಎಂದು ಬಹಳ ಮಂದಿ ವಿವರಿಸುತ್ತಾರೆ. ಹುಳಿ ಮತ್ತು ಜೇನಿನ ಬಗ್ಗೆ ಪಠ್ಯ ಕಾರಣ ಕೊಟ್ಟಿಲ್ಲ. ಉಪ್ಪನ್ನು ಮಾತ್ರ 2:13 "ಒಡಂಬಡಿಕೆಯ ಉಪ್ಪು" ಎಂದು ತಾನೇ ಬಿಡಿಸಿ ಹೇಳುತ್ತದೆ. ಪಠ್ಯ ಬಿಡಿಸಿದ್ದನ್ನು ಧೈರ್ಯವಾಗಿ ಕಲಿಸಿ. ಎಣ್ಣೆ ಪವಿತ್ರಾತ್ಮ, ಹಿಟ್ಟಿನ ನಯ ಯೇಸುವಿನ ಗುಣ ಎಂಬುದನ್ನು ಭಕ್ತಿಯ ಧ್ಯಾನವಾಗಿ ಬೇಕಾದರೆ ಉಳಿಸಿಕೊಳ್ಳಿ. "ಬೈಬಲ್ ಹೀಗೆ ಹೇಳುತ್ತದೆ" ಎಂಬ ಮುದ್ರೆ ಮಾತ್ರ ಅದಕ್ಕೆ ಒತ್ತಬೇಡಿ. ಕೀರ್ತನೆ 141:2 ಮತ್ತು ಪ್ರಕಟನೆ 5:8 ಧೂಪವನ್ನೂ ಪ್ರಾರ್ಥನೆಯನ್ನೂ ಜೋಡಿಸುವುದರಿಂದ ಸಾಂಬ್ರಾಣಿಯ ಅರ್ಥಕ್ಕೆ ಉಳಿದವಕ್ಕಿಂತ ಗಟ್ಟಿ ನೆಲೆಯಿದೆ.

ದೋಷಪರಿಹಾರಕ ಯಜ್ಞಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಅತಿ ಹೆಚ್ಚು ತಪ್ಪು ಕಲಿಸುವುದು ಇದನ್ನೇ. ಯಾರು ಪಾಪ ಮಾಡಿದರು ಎಂಬುದರ ಮೇಲೆ ಪಶುವೂ ರಕ್ತದ ದಾರಿಯೂ ಬದಲಾಗುತ್ತವೆ. ಅಭಿಷಿಕ್ತ ಯಾಜಕ ಅಥವಾ ಇಡೀ ಸಭೆ ತಪ್ಪಿದರೆ ಹೋರಿ. ಅದರ ರಕ್ತ ದೇವದರ್ಶನದ ಗುಡಾರದ ಒಳಕ್ಕೆ ಹೋಗುತ್ತದೆ: ಅತಿಪವಿತ್ರ ಸ್ಥಳವನ್ನು ಮರೆಮಾಡುವ ತೆರೆಯ ಎದುರಿಗೆ ಏಳು ಸಾರಿ ಚಿಮುಕಿಸಿ, ಧೂಪವೇದಿಯ ಕೊಂಬುಗಳಿಗೆ ಹಚ್ಚಿ, ಉಳಿದದ್ದನ್ನು ಹೊರಗಿನ ಯಜ್ಞವೇದಿಯ ಬುಡಕ್ಕೆ ಸುರಿಯುತ್ತಾರೆ. ಅಧಿಪತಿ ತಪ್ಪಿದರೆ ಹೋತ, ಸಾಮಾನ್ಯ ಮನುಷ್ಯನಾದರೆ ಹೆಣ್ಣು ಆಡು ಅಥವಾ ಹೆಣ್ಣು ಕುರಿ. ಇವುಗಳ ರಕ್ತ ಒಳಗೆ ಹೋಗುವುದಿಲ್ಲ, ಅಂಗಳದ ಯಜ್ಞವೇದಿಯ ಕೊಂಬುಗಳಿಗೆ ಹಚ್ಚುತ್ತಾರೆ. ಆ ವೇದಿ ಐದು ಮೊಳ ಉದ್ದ, ಐದು ಮೊಳ ಅಗಲ, ಮೂರು ಮೊಳ ಎತ್ತರ (ವಿಮೋಚನಕಾಂಡ 27:1), ನಾಲ್ಕು ಮೂಲೆಗೂ ಕೊಂಬಿನಂತೆ ಮೇಲೆದ್ದ ಭಾಗಗಳು. 5:1–13ರಲ್ಲಿ ಪಟ್ಟಿ ಮಾಡಿದ ತಪ್ಪುಗಳಿಗೆ ಕುರಿ ತರಲಾಗದವನು ಎರಡು ಹಕ್ಕಿ ತರಬಹುದು. ಅದೂ ಆಗದಿದ್ದರೆ ಏಫದ ಹತ್ತನೇ ಪಾಲು ಹಿಟ್ಟು, ಎಣ್ಣೆಯಿಲ್ಲದೆ, ಸಾಂಬ್ರಾಣಿಯಿಲ್ಲದೆ. ಬಡವನ ಹಿಟ್ಟಿಗೂ ಕ್ಷಮೆ ಸಿಗುತ್ತದೆ. ಇಬ್ರಿಯರಿಗೆ 9:22 ಧರ್ಮಶಾಸ್ತ್ರದ ಪ್ರಕಾರ "ಬಹುಮಟ್ಟಿಗೆ" ಎಲ್ಲವೂ ರಕ್ತದಿಂದ ಶುದ್ಧವಾಗುತ್ತದೆ ಎಂಬರ್ಥದಲ್ಲಿ ಎಚ್ಚರದಿಂದ ಮಾತಾಡುತ್ತದೆ. ಓದುವಾಗ ನಾವು ಆ "ಬಹುಮಟ್ಟಿಗೆ" ಎಂಬುದನ್ನು ನುಂಗಿಬಿಡುತ್ತೇವೆ.

ಹೊಣೆ ದೊಡ್ಡದಾದಷ್ಟೂ ಅವನ ಪಾಪ ಪವಿತ್ರಸ್ಥಳದ ಒಳಕ್ಕೆ ಇಳಿಯುತ್ತದೆ, ರಕ್ತವೂ ಅಷ್ಟು ಒಳಗೆ ಹೋಗಬೇಕಾಗುತ್ತದೆ. ವರ್ಷಕ್ಕೊಮ್ಮೆ ದೋಷಪರಿಹಾರಕ ದಿನದಂದು ಮಹಾಯಾಜಕ ಅದನ್ನು ಕೃಪಾಸನದ (ಒಡಂಬಡಿಕೆಯ ಮಂಜೂಷದ ಮುಚ್ಚಳದ) ವರೆಗೂ ಒಯ್ಯುತ್ತಾನೆ, ಇಸ್ರಾಯೇಲ್ಯರ ಅಶುದ್ಧತ್ವಗಳ ದೆಸೆಯಿಂದ ಪವಿತ್ರಸ್ಥಳಕ್ಕಾಗಿ ದೋಷಪರಿಹಾರ ಮಾಡುತ್ತಾನೆ (16:14–16). ಗಮನಿಸಿ: ಈ ಯಜ್ಞದಲ್ಲಿ ರಕ್ತವನ್ನು ತಂದವನ ಮೈಗೆ ಹಚ್ಚುವುದೇ ಇಲ್ಲ. ಹಚ್ಚುವುದು ವೇದಿಗೆ, ಚಿಮುಕಿಸುವುದು ತೆರೆಯ ಕಡೆಗೆ. ಮನುಷ್ಯನ ಕೊಳೆ ದೇವರ ಮನೆಗೆ ಹತ್ತುತ್ತದೆ, ಅದನ್ನು ತೊಳೆಯದಿದ್ದರೆ ದೇವರು ಅಲ್ಲಿ ಜನರ ನಡುವೆ ಉಳಿಯುವುದು ಹೇಗೆ ಎಂಬ ಚಿಂತೆ ಈ ವಿಧಿಯ ಹಿಂದಿದೆ. ಹೆರಿಗೆಯಾದವಳೂ (12ನೇ ಅಧ್ಯಾಯ), ಚರ್ಮರೋಗ ವಾಸಿಯಾದವನೂ (14) ಇದೇ ಯಜ್ಞ ತರಬೇಕಾದದ್ದು ಆಗ ಅರ್ಥವಾಗುತ್ತದೆ. ಹೆರುವುದು ಪಾಪವಲ್ಲ. ಸಭೆಯ ತಾಯಂದಿರು ಇದನ್ನು ಕೇಳದೆ ಬಿಡುವುದಿಲ್ಲ, ಉತ್ತರ ಸಿದ್ಧವಿರಲಿ.

ತಲೆಯ ಮೇಲೆ ಕೈಯಿಡುವುದರ ಬಗ್ಗೆಯೂ ಎಚ್ಚರ. ಕೈಯಿಟ್ಟಾಗ ಪಾಪ ಪಶುವಿಗೆ ದಾಟುತ್ತದೆ ಎಂದು ಎಲ್ಲ ಯಜ್ಞಗಳಿಗೂ ಹೇಳಿಬಿಡುವುದು ರೂಢಿ. ಪಾಪದ ಮಾತೇ ಇಲ್ಲದ ಸಮಾಧಾನಯಜ್ಞದಲ್ಲೂ ಕೈಯಿಡುತ್ತಾರೆ (3:2). ದೋಷಪರಿಹಾರಕ ಯಜ್ಞದ ಮಾಂಸ ಪಾಪ ಹೊತ್ತು ಕೊಳೆಯಾಗಿದ್ದರೆ ಅದನ್ನು "ಮಹಾಪರಿಶುದ್ಧ" ಎಂದು ಕರೆದು ಯಾಜಕ ತಿನ್ನುವಂತಿರಲಿಲ್ಲ. ಬೇಯಿಸಿದ ಮಣ್ಣಿನ ಪಾತ್ರೆಯನ್ನು ಒಡೆಯಬೇಕು, ತಾಮ್ರದ್ದಾದರೆ ಉಜ್ಜಿ ತೊಳೆಯಬೇಕು ಎಂಬಷ್ಟು ಬಿಗಿ ಅದಕ್ಕಿತ್ತು (6:28). ಎರಡೂ ಕೈ ಇಟ್ಟು, ಪಾಪಗಳನ್ನು ಬಾಯಿಬಿಟ್ಟು ಅರಿಕೆ ಮಾಡಿ, ಅವನ್ನು ಪಶುವಿನ ತಲೆಯ ಮೇಲೆ ಹೊರಿಸುವುದು ಸ್ಪಷ್ಟವಾಗಿ ಬರುವುದು 16:21ರಲ್ಲಿ. ಆ ಹೋತವನ್ನು ಕೊಯ್ಯುವುದಿಲ್ಲ, ಜೀವಂತ ಅಡವಿಗೆ ಬಿಡುತ್ತಾರೆ. ಒಂದು ಹೋತದ ರಕ್ತ ಒಳಕ್ಕೆ, ಇನ್ನೊಂದು ಹೋತ ಪಾಪ ಹೊತ್ತು ದೂರಕ್ಕೆ. ಕ್ರಿಸ್ತನಲ್ಲಿ ಎರಡೂ ಸೇರಿವೆ ಎಂದು ಕಲಿಸಿ. ಆದರೆ ಮೊದಲು ಎರಡನ್ನೂ ಬೇರೆಬೇರೆಯಾಗಿ ತೋರಿಸಿ. ಮರಣ ಬದಲಿಯದ್ದು ಎಂಬ ಬೋಧನೆಗೆ ಇದರಿಂದ ಧಕ್ಕೆಯಿಲ್ಲ. ಪ್ರಾಣ ರಕ್ತದಲ್ಲಿದೆ, ಅದನ್ನು ವೇದಿಗಾಗಿ ನಾನೇ ನಿಮಗೆ ಕೊಟ್ಟಿದ್ದೇನೆ ಎಂಬ 17:11 ಅದಕ್ಕೆ ಇನ್ನೂ ಗಟ್ಟಿ ಅಡಿಪಾಯ.

ಇಬ್ರಿಯರಿಗೆ ಬರೆದ ಪತ್ರ ಈ ವಿಧಿಯ ಎರಡು ತುದಿಗಳನ್ನೂ ಹಿಡಿದಿದೆ. ರಕ್ತ ಒಳಕ್ಕೆ ಹೋದ ಪಶುವಿನ ಮಾಂಸವನ್ನು ಯಾರೂ ತಿನ್ನುವಂತಿಲ್ಲ (ಯಾಜಕಕಾಂಡ 6:30). ಚರ್ಮ, ತಲೆ, ಕಾಲು, ಸಗಣಿ ಸಹಿತ ಪಾಳೆಯದ ಹೊರಗೆ ಬೂದಿ ಸುರಿಯುವಲ್ಲಿ ಸುಡಬೇಕು. ರಕ್ತ ಅತ್ಯಂತ ಒಳಗೆ, ಒಡಲು ಅತ್ಯಂತ ಹೊರಗೆ. ಪತ್ರದ 9ನೇ ಅಧ್ಯಾಯ ರಕ್ತದ ಹಿಂದೆ ಹೋಗಿ ಕ್ರಿಸ್ತನು ಸ್ವಂತ ರಕ್ತದ ಮೂಲಕ ಪರಲೋಕದ ಪವಿತ್ರಸ್ಥಳವನ್ನು ಪ್ರವೇಶಿಸಿದನೆನ್ನುತ್ತದೆ. 13:11–13 ಒಡಲಿನ ಹಿಂದೆ ಹೋಗಿ ಯೇಸು ಪಟ್ಟಣದ ಬಾಗಿಲಿನ ಹೊರಗೆ ಸತ್ತನು, ನಾವೂ ಆತನ ನಿಂದೆಯನ್ನು ಹೊತ್ತು ಹೊರಗೆ ಹೋಗೋಣ ಎನ್ನುತ್ತದೆ. ಇನ್ನೊಂದು ಸಂಗತಿಯೂ ಇಲ್ಲಿ ಹೊಂದುತ್ತದೆ. ಪಶುವನ್ನು ಕೊಯ್ಯುವುದು ಸಾಮಾನ್ಯವಾಗಿ ತಂದವನ ಕೆಲಸ, ಯಾಜಕನ ಕೆಲಸ ರಕ್ತದಿಂದ ಶುರುವಾಗುತ್ತದೆ. ಹಾಗಾಗಿ ಯೇಸುವನ್ನು ಮಹಾಯಾಜಕ ಎಂದು ಕರೆಯುವ ಪತ್ರ ಶಿಲುಬೆಯಲ್ಲೇ ನಿಲ್ಲದೆ, ಆತನು ದೇವರ ಸನ್ನಿಧಿಗೆ ಹೋದದ್ದರ ಮೇಲೆ ಅಷ್ಟು ಒತ್ತು ಕೊಡುತ್ತದೆ.

ಪ್ರಾಯಶ್ಚಿತ್ತಯಜ್ಞ ಇದಕ್ಕಿಂತ ಬೇರೆ, ಎರಡನ್ನೂ ಕಲಸಬೇಡಿ. ಇಲ್ಲಿ ಯಾರಿಗೋ ನಷ್ಟವಾಗಿದೆ: ದೇವರಿಗೆ ಸಲ್ಲಬೇಕಾದದ್ದು ಸಲ್ಲಿಲ್ಲ, ಅಥವಾ ನೆರೆಯವನ ಒತ್ತೆ, ಕದ್ದ ಮಾಲು, ಸಿಕ್ಕಿದ ವಸ್ತುವಿನ ವಿಷಯದಲ್ಲಿ ಸುಳ್ಳಾಣೆ ಇಟ್ಟಾಗಿದೆ. ಮೊದಲು ತಪ್ಪನ್ನು ಅರಿಕೆ ಮಾಡಬೇಕು (ಅರಣ್ಯಕಾಂಡ 5:7). ಅಸಲನ್ನೂ ಅದರ ಐದನೇ ಒಂದು ಪಾಲನ್ನೂ ಸೇರಿಸಿ ಮಾಲಿಕನ ಕೈಗೆ ಕೊಡಬೇಕು. ಆಮೇಲೆ ಟಗರು. 100 ಶೆಕೆಲ್ ವಂಚಿಸಿದವನು 120 ಕೊಟ್ಟು, ಟಗರನ್ನೂ ತರುತ್ತಾನೆ. ಮಾಲಿಕನೂ ಅವನ ಹತ್ತಿರದ ಬಂಧುವೂ ಇಲ್ಲದಿದ್ದರೆ ಹಣ ಯಾಜಕನಿಗೆ. ಇಲ್ಲಿ ಬಡವನಿಗೆ ಹಕ್ಕಿಯ ರಿಯಾಯಿತಿ ಹೇಳಿಲ್ಲ. "ದೇವರು ಕ್ಷಮಿಸಿದ್ದಾನೆ, ಹಳೆಯದು ಬಿಡಿ" ಎಂದು ಸಾಲಗಾರ ಹೇಳುವುದಕ್ಕೆ ಈ ವಿಧಿಯಲ್ಲಿ ಜಾಗವಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಮೊದಲು ಸಹೋದರನ ಜೊತೆ ರಾಜಿ ಮಾಡಿಕೋ ಎಂಬ ಮತ್ತಾಯ 5:23–24ರ ಮಾತಿಗೂ ಇದೇ ಕ್ರಮ. ಸುಂಕದವನಾದ ಜಕ್ಕಾಯ ಐದನೇ ಪಾಲಿಗೆ ತೃಪ್ತನಾಗದೆ ನಾಲ್ಕರಷ್ಟು ಕೊಡುತ್ತೇನೆಂದ. ಅದು ಕುರಿ ಕದ್ದು ಕೊಯ್ದ ಇಲ್ಲವೇ ಮಾರಿದ ಕಳ್ಳನಿಗೆ ವಿಮೋಚನಕಾಂಡ 22:1 ಹೇಳುವ ದಂಡ. ತಾನಾಗಿ ಒಪ್ಪಿಕೊಂಡವನಿಗೆ ಕಾನೂನು ಕೊಟ್ಟ ಸೌಲಭ್ಯ ಬಿಟ್ಟು ಕಳ್ಳನ ದರವನ್ನೇ ಅವನು ಆರಿಸಿಕೊಂಡ. ಯೆಶಾಯ 53:10 ಬಾಧೆಪಡುವ ಯೆಹೋವನ ಸೇವಕನ ಪ್ರಾಣಕ್ಕೆ ಕೊಡುವ ಹೆಸರು ಇದೇ ಯಜ್ಞದ್ದು. ಶಿಲುಬೆಯಲ್ಲಿ ತೊಳೆಯುವುದರ ಜೊತೆಗೆ ಋಣ ತೀರಿಸುವುದೂ ಇದೆ ಎಂದು ಹೇಳಲು ನಿಮಗೆ ಇದಕ್ಕಿಂತ ಒಳ್ಳೆಯ ವಚನ ಬೇಡ.

ಈಗ ನಿಮ್ಮ ಊಟದ ಪ್ರಶ್ನೆ. ಸಮಾಧಾನಯಜ್ಞಕ್ಕೆ ಗಂಡಾದರೂ ಆದೀತು, ಹೆಣ್ಣಾದರೂ ಆದೀತು. ಹಕ್ಕಿ ಸಲ್ಲದು, ಹಂಚಲು ಮಾಂಸ ಸಾಲುವುದಿಲ್ಲವಲ್ಲ. ವೇದಿಗೆ ಹೋಗುವುದು ಕರುಳಿನ ಸುತ್ತಲಿನ ಕೊಬ್ಬು, ಎರಡು ಮೂತ್ರಪಿಂಡ, ಅವುಗಳ ಮೇಲಿನ ಕೊಬ್ಬು, ಯಕೃತ್ತಿನ ಹಾಲೆ. ಕುರಿಯಾದರೆ ಬೆನ್ನೆಲುಬಿನ ಬುಡದಿಂದ ಕತ್ತರಿಸಿದ ಇಡೀ ಬಾಲ. ನಮ್ಮ ಬನ್ನೂರು ಕುರಿಯ ಸಣ್ಣ ಬಾಲ ನೋಡಿದವರಿಗೆ ಇದೇನು ಎನಿಸಬಹುದು. ಆ ನಾಡಿನ ಕುರಿಗೆ ಕೊಬ್ಬು ತುಂಬಿದ ಅಗಲ ಬಾಲ, ಅಡುಗೆಯಲ್ಲಿ ಅದಕ್ಕೆ ಬಲು ಬೆಲೆ. ಎದೆಯ ಭಾಗವನ್ನು ಯೆಹೋವನ ಮುಂದೆ ಎತ್ತಿ ಆಡಿಸಿ ಮಹಾಯಾಜಕ ಆರೋನನಿಗೂ ಅವನ ಮಕ್ಕಳಿಗೂ, ಬಲತೊಡೆಯನ್ನು ಆ ದಿನ ಸೇವೆ ಮಾಡಿದ ಯಾಜಕನಿಗೆ ಕೊಡಬೇಕು. ಉಳಿದದ್ದು ತಂದವನ ಮನೆಯವರಿಗೆ, ಆಳುಗಳಿಗೆ, ಊರಿನ ಲೇವಿಯನಿಗೆ (ಧರ್ಮೋಪದೇಶಕಾಂಡ 12:18). ಕೊಬ್ಬು ದೇವರಿಗೆ, ಪಾಲು ಯಾಜಕನಿಗೆ, ಊಟ ಮನೆಮಂದಿಗೆ. ಐದರಲ್ಲಿ ತಂದವನೂ ಉಣ್ಣುವ ಯಜ್ಞ ಇದೊಂದೇ. ಅದು ಯಜ್ಞ ಹೇಗೆಂದರೆ, ಯೆಹೋವನ ಭಾಗ ಮೊದಲು ಹೋಗುತ್ತದೆ, ಉಳಿದವರು ಆತನ ಎದುರಿನಲ್ಲಿ ಕೂತು ಉಣ್ಣುತ್ತಾರೆ. ಕ್ರಮ ತಪ್ಪಿದರೆ ಏನಾಗುತ್ತದೆಂದು 1 ಸಮುವೇಲ 2:12–17ರಲ್ಲಿದೆ. ಯಾಜಕ ಏಲಿಯ ಮಕ್ಕಳ ಆಳು ಮೂರು ಹಲ್ಲಿನ ಮುಳ್ಳನ್ನು ಹಂಡೆಗೆ ಚುಚ್ಚಿ ಸಿಕ್ಕಿದ್ದನ್ನೆಲ್ಲ ಎತ್ತುತ್ತಿದ್ದ, ಕೊಬ್ಬು ಸುಡುವ ಮೊದಲೇ ಹಸಿ ಮಾಂಸ ಕೇಳುತ್ತಿದ್ದ. ದೇವರ ಪಾಲಿಗೆ ಮುಂಚೆ ಸೇವಕರ ಪಾಲು.

ಇದರಲ್ಲಿ ಮೂರು ಬಗೆ. ಕೃತಜ್ಞತೆಯದ್ದಾದರೆ ಮಾಂಸ ಅದೇ ದಿನ ಮುಗಿಯಬೇಕು, ಬೆಳಗಿನ ವರೆಗೆ ಇಡುವಂತಿಲ್ಲ. ಹರಕೆಯದ್ದೂ ಸ್ವಇಚ್ಛೆಯದ್ದೂ ಮರುದಿನಕ್ಕೆ ಇರಬಹುದು, ಮೂರನೇ ದಿನ ಉಳಿದರೆ ಸುಡಬೇಕು, ತಿಂದರೆ ಯಜ್ಞವೇ ಅಂಗೀಕಾರವಾಗದು. ಒಂದು ಹೋರಿಯನ್ನು ಒಂದು ಮನೆಯವರು ಒಂದೇ ದಿನ ತಿಂದು ಮುಗಿಸಲಾರರು, ಕರೆಯಲೇಬೇಕು. ಕಾರಣ ಇದೇ ಎಂದು ಪಠ್ಯ ಹೇಳುವುದಿಲ್ಲ, ಪರಿಣಾಮ ಮಾತ್ರ ಇದೇ. ಜ್ಞಾನೋಕ್ತಿ 7:14ರ ಜಾರೆ ಯುವಕನನ್ನು ಮನೆಗೆ ಕರೆಯುವಾಗ "ಇವತ್ತು ಹರಕೆ ತೀರಿಸಿದ್ದೇನೆ" ಎನ್ನುವುದು ಈ ವಿಧಿ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುತ್ತದೆ: ಮನೆಯಲ್ಲಿ ಮಾಂಸವಿದೆ, ಉಣ್ಣಲು ಜನ ಬೇಕು!

ಕರ್ತನ ಭೋಜನವನ್ನು ಪೌಲ 1 ಕೊರಿಂಥ 10:16–18ರಲ್ಲಿ ಈ ಊಟದ ಪಕ್ಕದಲ್ಲೇ ಇಡುತ್ತಾನೆ: ಯಜ್ಞಮಾಂಸ ತಿನ್ನುವವರು ಯಜ್ಞವೇದಿಯ ಪಾಲುಗಾರರಲ್ಲವೇ ಎಂದು ಕೇಳುತ್ತಾನೆ. ಮುಂದಿನ ಅಧ್ಯಾಯದಲ್ಲಿ ಉಳ್ಳವರು ಮೊದಲೇ ಉಂಡು ಬಡವರನ್ನು ಹಸಿದಿರಿಸಿದ್ದಕ್ಕೆ ಅವನಿಗೆ ಅಷ್ಟು ಸಿಟ್ಟು ಬಂದದ್ದು, ಹಂಚದ ಊಟ ಕರ್ತನ ಊಟವೇ ಅಲ್ಲವಾದ್ದರಿಂದ. "ಒಡಂಬಡಿಕೆಯ ರಕ್ತ" ಎಂಬ ಯೇಸುವಿನ ಮಾತಿನ ಹಿನ್ನೆಲೆಗೆ ವಿಮೋಚನಕಾಂಡ 24:5–11 ಓದಿಸಿ. ಅಲ್ಲಿ ಅರ್ಪಿಸಿದ್ದು ಸರ್ವಾಂಗಹೋಮ ಮತ್ತು ಸಮಾಧಾನಯಜ್ಞ, ರಕ್ತದ ಅರ್ಧ ವೇದಿಗೆ, ಅರ್ಧ ಜನರ ಮೇಲೆ. ಕೊನೆಗೆ ಹಿರಿಯರು ದೇವರ ಮುಂದೆ ಅನ್ನಪಾನಗಳನ್ನು ತೆಗೆದುಕೊಂಡರು. ಕರ್ತನ ಮೇಜಿನಲ್ಲಿ ಪಾಪದ ದುಃಖ ಮಾತ್ರ ಕಾಣುವ ಸಭೆಗಳು ಈ ಅರ್ಧವನ್ನು ಕಳೆದುಕೊಂಡಿರುತ್ತವೆ. ಇಬ್ರಿಯರಿಗೆ 13:15–16ರ "ಸ್ತೋತ್ರಯಜ್ಞ"ವೂ ಕೃತಜ್ಞತೆಯ ಈ ಯಜ್ಞದ ಭಾಷೆಯೇ. ಅದರ ಬೆನ್ನಿಗೇ ಪರೋಪಕಾರ, ಹಂಚಿಕೊಳ್ಳುವಿಕೆ ಬಂದಿರುವುದು ಆಕಸ್ಮಿಕವಲ್ಲ.

ಐದು ಯಾಕೆ ಎಂದರೆ ಕೊಳೆ, ಋಣ, ಸಮರ್ಪಣೆ, ದಿನದ ಅನ್ನ, ಕೂಡಿ ಉಣ್ಣುವುದು ಒಂದೇ ಸಂಗತಿಯಲ್ಲ. ಇವನ್ನು ಒಟ್ಟಿಗೆ ಅರ್ಪಿಸುವ ಕ್ರಮವೂ ಅಧ್ಯಾಯಗಳ ಕ್ರಮವಲ್ಲ. ಯಾಜಕಕಾಂಡದ 9ನೇ ಅಧ್ಯಾಯದಲ್ಲಿ ಆರೋನನು ಮೊದಲ ಬಾರಿ ಸೇವೆ ಮಾಡುವಾಗ ಮೊದಲು ದೋಷಪರಿಹಾರಕ ಯಜ್ಞ, ನಂತರ ಸರ್ವಾಂಗಹೋಮ ಮತ್ತು ಧಾನ್ಯ, ಕೊನೆಗೆ ಸಮಾಧಾನಯಜ್ಞ. ತೊಳೆದ ಮೇಲೆ ಒಪ್ಪಿಸಿಕೊಳ್ಳುವುದು, ಒಪ್ಪಿಸಿಕೊಂಡ ಮೇಲೆ ಕೂತು ಉಣ್ಣುವುದು. ನಾಲ್ಕು ವಾರ ಸಿಕ್ಕರೆ ನೀವೂ ಇದೇ ಕ್ರಮ ಹಿಡಿಯಿರಿ: ಮೊದಲ ವಾರ ದೋಷಪರಿಹಾರಕ ಯಜ್ಞವನ್ನು 16ನೇ ಅಧ್ಯಾಯದ ಜೊತೆಗೆ, ಎರಡನೇ ವಾರ ಪ್ರಾಯಶ್ಚಿತ್ತಯಜ್ಞ ಮಾತ್ರ, ಮೂರನೇ ವಾರ ಸರ್ವಾಂಗಹೋಮ ಮತ್ತು ಧಾನ್ಯ, ನಾಲ್ಕನೇ ವಾರ ಸಮಾಧಾನಯಜ್ಞ. ಸಾಧ್ಯವಾದರೆ ಆ ಕೊನೆಯ ವಾರವನ್ನು ಕರ್ತನ ಭೋಜನದ ಭಾನುವಾರಕ್ಕೆ ಹೊಂದಿಸಿ. ಪಸ್ಕದ ಕುರಿ ಈ ಐದರೊಳಗಿನದ್ದಲ್ಲ. 1 ಕೊರಿಂಥ 5:7 ಮತ್ತು "ಎಲುಬು ಮುರಿಯಬಾರದು" ಎಂಬ ಯೋಹಾನ 19:36 ವಿಮೋಚನಕಾಂಡ 12ಕ್ಕೆ ಸೇರಿದವು, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

"ಯೇಸು ಸತ್ತ ಕೂಡಲೇ ಶಿಷ್ಯರು ಇದೆಲ್ಲ ಬಿಟ್ಟರಾ?" ಎಂದು ಯಾರಾದರೂ ಕೇಳಿಯಾರು. ಅಪೊಸ್ತಲರ ಕೃತ್ಯಗಳು 21:23–26ರಲ್ಲಿ ಪೌಲನೇ ಹರಕೆ ಹೊತ್ತ ನಾಲ್ವರ ಖರ್ಚು ವಹಿಸಿಕೊಂಡು ದೇವಾಲಯಕ್ಕೆ ಹೋಗುತ್ತಾನೆ. ಅರಣ್ಯಕಾಂಡ 6ರ ಪ್ರಕಾರ ಆ ಹರಕೆ ಮುಗಿಯುವಾಗ ಒಬ್ಬೊಬ್ಬನಿಗೂ ಒಂದು ಗಂಡು ಕುರಿಮರಿ, ಒಂದು ಹೆಣ್ಣು ಕುರಿಮರಿ, ಒಂದು ಟಗರು ಬೇಕಿತ್ತು. ಯೆರೂಸಲೇಮಿನ ದೇವಾಲಯದ ಯಜ್ಞಗಳು ನಿಂತದ್ದು ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನು ಕೆಡವಿದಾಗ. ಯಜ್ಞದಿಂದಲೇ ಕ್ಷಮೆ ಎಂದು ಶಿಷ್ಯರು ನಂಬಿರಲಿಲ್ಲ, ಆದರೆ ಆ ಅಂಗಳ ಅವರಿಗೆ ಅಸಹ್ಯವೂ ಆಗಿರಲಿಲ್ಲ.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: ತಿಳಿದೂ ತಿಳಿದೂ ಮಾಡಿದ ಪಾಪಕ್ಕೆ ಯಾವ ಯಜ್ಞ? 4ನೇ ಅಧ್ಯಾಯ ಮತ್ತೆಮತ್ತೆ ಹೇಳುವುದು ತಿಳಿಯದೆ ಮಾಡಿದ್ದರ ಬಗ್ಗೆ. ಕೈಯೆತ್ತಿ ಬೇಕೆಂದೇ ಮಾಡಿದವನಿಗೆ ಯಜ್ಞವಿಲ್ಲ, ಅವನನ್ನು ಜನರೊಳಗಿಂದ ತೆಗೆದುಹಾಕಬೇಕು ಎನ್ನುತ್ತದೆ ಅರಣ್ಯಕಾಂಡ 15:30–31. ಆದರೆ ಬೇಕೆಂದೇ ಕದ್ದು ಸುಳ್ಳಾಣೆ ಇಟ್ಟವನೂ ಅರಿಕೆ ಮಾಡಿ ಹಿಂದಿರುಗಿಸಿದರೆ ಟಗರು ತರಬಹುದು (ಯಾಜಕಕಾಂಡ 6:1–7). ಎಂದರೆ ಗಡಿ ಎಳೆದಿರುವುದು ಬಗ್ಗದ ಕತ್ತಿನ ಬಳಿ. ಬತ್ಷೆಬೆಯ ಜೊತೆ ವ್ಯಭಿಚಾರ ಮಾಡಿ ಅವಳ ಗಂಡನನ್ನು ಕೊಲ್ಲಿಸಿದ ನಂತರ ಅರಸ ದಾವೀದನಿಗೆ ತರಲು ಯಾವ ಪಶುವೂ ಇರಲಿಲ್ಲ. ಕೀರ್ತನೆ 51:16–17ರಲ್ಲಿ ಯಜ್ಞ ನಿನಗಿಷ್ಟವಿಲ್ಲ, ಕುಗ್ಗಿದ ಮನಸ್ಸೇ ದೇವರಿಗೆ ಇಷ್ಟವಾದ ಯಜ್ಞ ಎಂದು ಅವನು ಹೇಳುವುದನ್ನು ಈ ಹಿನ್ನೆಲೆಯಲ್ಲಿ ಓದಿಸಿ. ಆಮೇಲೆ, ಮೋಶೆಯ ಧರ್ಮಶಾಸ್ತ್ರ ಬಿಡಿಸಲಾಗದಿದ್ದ ಎಲ್ಲದರಿಂದಲೂ ನಂಬುವವನಿಗೆ ಬಿಡುಗಡೆ ಎಂದು ಪೌಲ ಅಂತಿಯೋಕ್ಯದ ಸಭಾಮಂದಿರದಲ್ಲಿ ಸಾರಿದ ಅಪೊಸ್ತಲರ ಕೃತ್ಯಗಳು 13:38–39ಕ್ಕೆ ತಿರುಗಿಸಿ. ಮೊದಲ ವಾರವೇ ಈ ಪ್ರಶ್ನೆ ಬಂದರೆ ಮುಂದೂಡಬೇಡಿ. ಕೇಳುವವರಲ್ಲಿ ಒಬ್ಬರಾದರೂ ತಮ್ಮ ಸಲುವಾಗಿಯೇ ಕೇಳುತ್ತಿರುತ್ತಾರೆ.